ಜೇನಿನಲ್ಲಿಟ್ಟ ಕಾಲು

ಆ ಊರಿನಲ್ಲಿ ಪ್ರತಿ ವರ್ಷವೂ ಓಟದ ಪಂದ್ಯವನ್ನು ಒಂದು ಕಾಲು ಗೆಲ್ಲುತ್ತಿತ್ತು. ಕಾಲು ಎಂದರೆ ಬರೀ ಕಾಲು. ಅದರ ಮೇಲೆ ಮನುಷ್ಯರಿರಲಿಲ್ಲ.

ಎಡಗಾಲು, ಮೊಣಕಾಲಿನಿಂದ ಕೆಳಗಿನದು. ಅದನ್ನು ದೊಡ್ಡದೊಂದು ಗಾಜಿನ ಭರಣಿಯಲ್ಲಿ ಇಳಿಸಿ, ಜೇನುತುಪ್ಪ ತುಂಬಿ, ಬಾಯಿಗೆ ಮೇಣ ಮೆತ್ತಿದ್ದರು. ಜೇನಿನಲ್ಲಿಟ್ಟದ್ದು ಕೆಡುವುದಿಲ್ಲ ಎಂದು ಊರಿನ ನಂಬಿಕೆ. ಕೆಟ್ಟಿತ್ತೋ ಇಲ್ಲವೋ, ಜೇನು ವರ್ಷ ವರ್ಷಕ್ಕೂ ಕಪ್ಪಾಗಿ ಒಳಗಿನದು ಯಾರಿಗೂ ಕಾಣುತ್ತಿರಲಿಲ್ಲ. ಕಾಣದಿದ್ದದ್ದು ಭಕ್ತಿಗೆ ಅನುಕೂಲವೇ ಆಗಿತ್ತು.

ಕಾಲಿನ ಒಡತಿ ಬದುಕಿದ್ದಳು. ಅದೊಂದು ಊರಿಗೆ ಸ್ವಲ್ಪ ಇರುಸುಮುರುಸಿನ ಸಂಗತಿ.

ಹನ್ನೊಂದು ವರ್ಷದ ಹಿಂದೆ ಅವಳು ಊರಿನ ಓಟಗಾತಿ. ಕೆರೆಯ ತೂಬಿನ ಹತ್ತಿರ ಹೊರಟು, ಗುಡ್ಡ ಸುತ್ತಿ, ಊರಬಾಗಿಲಿನ ಮುಂದೆ ಎಳೆದ ಸುಣ್ಣದ ಗೆರೆ ದಾಟುವುದು ಪಂದ್ಯ. ದಾರಿಯಲ್ಲಿ ಒಂದು ಕಲ್ಲಿನ ಕಮಾನು ಇತ್ತು. ಊರಿನ ಯಜಮಾನನ ಅಜ್ಜ ತನ್ನ ಹೆಸರು ಉಳಿಯಲಿ ಎಂದು ಕಟ್ಟಿಸಿದ್ದು. ಕಮಾನು ಬಿರುಕು ಬಿಟ್ಟಿದೆ ಎಂದು ಕಲ್ಲುಕುಟಿಗ ಮೂರು ಸಲ ಬಂದು ಹೇಳಿದ್ದ. ಮೂರು ಸಲವೂ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದ್ದರು. ನಾಲ್ಕನೆಯ ಸಲ ಕಮಾನೇ ಹೇಳಿತು. ಎಲ್ಲರಿಗಿಂತ ಮುಂದೆ ಓಡುತ್ತಿದ್ದವಳು ಓಟಗಾತಿ. ಆದ್ದರಿಂದ ಅವಳ ಮೇಲೆ ಬಿತ್ತು.

ಕಲ್ಲು ಸರಿಸಿದ ಮೇಲೆ, ಕಮಾನು ಯಾಕೆ ಬಿತ್ತು ಎಂದು ಯಾರಾದರೂ ಕೇಳಬೇಕಾಗಿತ್ತು. ಊರಿನ ಸಭೆ ಮೂರು ದಿನ ಕೂತು ಚರ್ಚಿಸಿದ್ದು ಬೇರೆ ಪ್ರಶ್ನೆಯನ್ನು: ಕಾಲನ್ನು ಏನು ಮಾಡುವುದು? ಮಣ್ಣು ಮಾಡಿದರೆ ಮರೆತಂತೆ. ಮರೆತರೆ ಕೃತಘ್ನರಾದಂತೆ. ಮೂರನೆಯ ದಿನ ಯಜಮಾನ ಎದ್ದು ನಿಂತು ನಿಯಮ ಹೇಳಿದ. ಅವಳು ಆ ದಿನ ಮುಂದಿದ್ದಳು, ಇನ್ನು ಎಂದೆಂದಿಗೂ ಮುಂದೇ ಇರತಕ್ಕದ್ದು. ಕಾಲು ಗೆರೆ ದಾಟುವ ತನಕ ಈ ಊರಿನಲ್ಲಿ ಬೇರೆ ಯಾರೂ ಗೆರೆ ದಾಟತಕ್ಕದ್ದಲ್ಲ. ಕಲ್ಲುಕುಟಿಗನಿಗೆ ಮಜ್ಜಿಗೆ ಕೊಟ್ಟವರೆಲ್ಲ ಮೊದಲು ಕೈ ಎತ್ತಿದರು.

ಅಲ್ಲಿಂದ ಮುಂದೆ ಪಂದ್ಯ ನಡೆಯುವ ಕ್ರಮ ಹೀಗೆ. ತೂಬಿನ ಹತ್ತಿರ ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಸಾಲಿನ ನಡುವೆ ಮೇಷ್ಟ್ರು ನಿಲ್ಲುತ್ತಾರೆ, ತಲೆಯ ಮೇಲೆ ಭರಣಿ. ಓಟಗಾತಿಗೆ ಎಂಟನೆಯ ವಯಸ್ಸಿನಿಂದ ಓಟ ಕಲಿಸಿದವರು ಅವರೇ. ಕಲಿಸಿದ್ದರಲ್ಲಿ ಕಾಲು ಮಾತ್ರ ಊರಿಗೆ ಬೇಕಾಗಿದ್ದರಿಂದ ಅವರೂ ಕಾಲಿನ ಕಡೆ ಹೋದರು. ನಗಾರಿ ಬಾರಿಸುತ್ತಾರೆ. ಓಟಗಾರರು ಓಡುತ್ತಾರೆ, ಗುಡ್ಡ ಸುತ್ತುತ್ತಾರೆ, ಗೆರೆಗೆ ಒಂದು ಹೆಜ್ಜೆ ಈಚೆಗೆ ನಿಲ್ಲುತ್ತಾರೆ. ನಿಂತು ಕಾಯುತ್ತಾರೆ. ಬೆವರು ಆರುತ್ತದೆ. ಮೇಷ್ಟ್ರು ನಡೆದು ಬರುತ್ತಾರೆ, ಜೇನು ಭಾರ. ಬಂದು ಗೆರೆ ದಾಟುತ್ತಾರೆ. ದಾಟಿ, "ಕಾಲು ಗೆದ್ದಿತು" ಎನ್ನುತ್ತಾರೆ. ಗೆರೆಯ ಹತ್ತಿರ ಭರಣಿ ಹೊತ್ತವನ ಮಾತೆಂದರೆ ಕಾಲಿನದೇ ಮಾತು. ಅದನ್ನು ಒಂದಕ್ಷರ ಬಿಡದೆ ಗುಮಾಸ್ತ ಪುಸ್ತಕದಲ್ಲಿ ಬರೆಯುತ್ತಾನೆ. ಬರೆದದ್ದನ್ನು ಅಳಿಸುವ ಹಾಗಿಲ್ಲ. ಆಮೇಲೆ ಊರು ಅಳುತ್ತದೆ. ಅಳುವುದಕ್ಕೆಂದೇ ಪಂದ್ಯದ ದಿನ ಎಲ್ಲರೂ ಹೆಗಲ ಮೇಲೆ ಒಗೆದ ಟವೆಲು ಹಾಕಿಕೊಂಡು ಬರುತ್ತಾರೆ.

ಮೊದಲೆರಡು ವರ್ಷ ಓಟಗಾರರು ಓಡಿದರು. ಹೇಗೂ ನಿಂತು ಕಾಯಬೇಕಾದ ಮೇಲೆ ಏದುಸಿರು ಯಾಕೆ ಎಂದು ಆಮೇಲೆ ಹೊಳೆಯಿತು. ಐದನೆಯ ವರ್ಷಕ್ಕೆ ಅವರು ಕಡಲೆಕಾಯಿ ಸುಲಿಯುತ್ತ ಭರಣಿಯ ಹಿಂದೆ ನಡೆದು ಬರತೊಡಗಿದರು. ಊರು ಅದನ್ನು ವಿನಯ ಎಂದು ಕರೆಯಿತು. ಎರಡನೆಯವರು ಯಾರು, ಮೂರನೆಯವರು ಯಾರು ಎಂದು ಬರೆಯುವ ಪದ್ಧತಿ ತಾನಾಗಿ ನಿಂತಿತು.

ಒಬ್ಬಳು ಮಾತ್ರ ಓಡುತ್ತಿದ್ದಳು. ಊರ ಹೊರಗೆ ಗೂಡು ಹಾಕಿ ಸುಣ್ಣ ಸುಡುವವಳು. ಪಂದ್ಯದ ಗೆರೆ ಎಳೆಯುವುದು ಅವಳ ಕೆಲಸ. ಗೆರೆ ಎಳೆದು, ತೂಬಿಗೆ ಹೋಗಿ ನಿಂತು, ಓಡಿ ಬಂದು, ತಾನೇ ಎಳೆದ ಗೆರೆಗೆ ಒಂದು ಹೆಜ್ಜೆ ಈಚೆಗೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ಯಾಕೆ ಓಡುತ್ತೀಯೆ ಎಂದರೆ, ನಡೆದರೆ ಬೇಜಾರು ಎನ್ನುತ್ತಿದ್ದಳು.

ಇನ್ನು ಓಟಗಾತಿಯ ಸಂಗತಿ. ಅವಳನ್ನು ಕಾಲಿನ ಮನೆಯಲ್ಲಿ ಇಟ್ಟಿದ್ದರು. ಅಲ್ಲಿ ಎತ್ತರದ ಪೀಠದ ಮೇಲೆ ಭರಣಿ, ಪಕ್ಕದಲ್ಲಿ ತಗ್ಗಿನ ಪೀಠದ ಮೇಲೆ ಅವಳು. ಬೆಳಗಿನಿಂದ ಸಂಜೆ ತನಕ ಜನ. ಮಕ್ಕಳನ್ನು ಕರೆತಂದು, "ನೋಡು, ಧೈರ್ಯ ಅಂದರೆ ಇದು" ಎಂದು ಭರಣಿಯನ್ನು ತೋರಿಸುತ್ತಿದ್ದರು. ಆಮೇಲೆ ಅವಳ ಕಡೆ ತಿರುಗಿ ತಲೆ ಒಂದು ಪಕ್ಕಕ್ಕೆ ವಾಲಿಸಿ ನೋಡುತ್ತಿದ್ದರು. ಅವಳು ಊರುಗೋಲು ಹಿಡಿದು ಎದ್ದರೆ ಚಪ್ಪಾಳೆ. ಕೂತರೆ ಚಪ್ಪಾಳೆ. ಒಮ್ಮೆ ಸೀನಿದಳು, ಅದಕ್ಕೂ ಯಾರೋ ಕಣ್ಣೊರೆಸಿಕೊಂಡರು. ಕಮಾನಿನ ಕಲ್ಲುಗಳನ್ನು ಯಜಮಾನ ತನ್ನ ಕೊಟ್ಟಿಗೆಯ ಗೋಡೆಗೆ ಬಳಸಿಕೊಂಡದ್ದು ಅವಳಿಗೆ ಆ ಮನೆಯ ಕಿಟಕಿಯಿಂದ ಕಾಣುತ್ತಿತ್ತು.

ಮೇಷ್ಟ್ರು ದಿನಾ ಬಂದು ಭರಣಿಯ ಗಾಜು ಒರೆಸಿ ಹೋಗುತ್ತಿದ್ದರು. ಹಿಂದೆ ಅವರ ಬಾಯಿಗೆ ಊರೇ ಹೆದರುತ್ತಿತ್ತು. "ಏನೇ, ನೆಲಕ್ಕೆ ನೋವಾಗುತ್ತೆ ಅಂತ ಮೆಲ್ಲಗೆ ಕಾಲಿಡ್ತಿದ್ದೀಯಾ?" ಎಂದು ಅವಳನ್ನು ಗುಡ್ಡದ ತುದಿಯಿಂದ ಕೂಗಿ ಬೈಯುತ್ತಿದ್ದವರು.

"ತಾಯಿ, ಆರೋಗ್ಯವೇ?" ಎನ್ನುತ್ತಿದ್ದರು ಈಗ.

"ಮೇಷ್ಟ್ರೇ, ಒಂದು ಸಲ ಬೈಯಿರಿ."

"ನಿಮ್ಮನ್ನು ಬೈಯುವುದುಂಟೇ ತಾಯಿ," ಎಂದು ಬಟ್ಟೆ ಮಡಿಸಿ ಹೋಗುತ್ತಿದ್ದರು.

ಹನ್ನೊಂದನೆಯ ವರ್ಷ ಅವಳಿಗೆ ಸಾಕಾಯಿತು. ಅವಳಿಗೆ ಬೇಕಾದದ್ದು ದೊಡ್ಡದೇನಲ್ಲ. ಇನ್ನೊಮ್ಮೆ ಸ್ಪರ್ಧೆಗೆ ಇಳಿಯಬೇಕು. ಗೆದ್ದರೆ ಗೆದ್ದಳೆಂದೂ ಸೋತರೆ ಸೋತಳೆಂದೂ ಪುಸ್ತಕದಲ್ಲಿ ಬರೆಯಬೇಕು. ಇಷ್ಟೇ. ಆ ಊರಿನಲ್ಲಿ ಅಷ್ಟನ್ನು ಕೇಳುವುದಕ್ಕಿಂತ ಅರಮನೆ ಕೇಳುವುದು ಸುಲಭವಿತ್ತು.

ಮೊದಲು ಬಡಗಿಯ ಹತ್ತಿರ ಹೋದಳು. ಕುರ್ಚಿಗೆ ಒಂದು ಕಾಲು ಬೇಕು ಎಂದಳು.

"ಒಂದೇ ಕಾಲಿನ ಕುರ್ಚಿ ನಿಲ್ಲುತ್ತಾ?" ಎಂದ ಬಡಗಿ.

"ಇನ್ನೊಂದು ನನ್ನ ಹತ್ತಿರ ಇದೆ."

ಬಡಗಿ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಅಳತೆ ತೆಗೆದುಕೊಳ್ಳಲು ಅಷ್ಟು ಸಾಕಾಯಿತು. "ನಾನು ಮಾಡಿದ್ದು ಕುರ್ಚಿಯ ಕಾಲು. ಯಾರಾದರೂ ಕೇಳಿದರೆ ಹಾಗೇ ಹೇಳ್ತೀನಿ," ಎಂದು ಹೊನ್ನೆಮರದಲ್ಲಿ ಕೆತ್ತಿಕೊಟ್ಟ. ಮೊದಲನೆಯದು ಸೀಳಿತು. ಎರಡನೆಯದು ಮೊಣಕಾಲಿನ ಚರ್ಮ ಸುಲಿಯಿತು. ಮೂರನೆಯದಕ್ಕೆ ತೊಗಲಿನ ಪಟ್ಟಿ ಹಾಕಿ, ಒಳಗೆ ಹತ್ತಿ ತುಂಬಿ, ಅಡಿಗೆ ಎತ್ತಿನ ಲಾಳ ಹೊಡೆದ. ಅದು ನಿಂತಿತು.

ಓಡಲು ಜಾಗ ಬೇಕಿತ್ತು. ಊರೊಳಗೆ ಓಡಿದರೆ ಚಪ್ಪಾಳೆ ಬೀಳುತ್ತದೆ. ಸುಣ್ಣದ ಗೂಡಿನ ಕಡೆ ಯಾರೂ ಬರುವುದಿಲ್ಲ, ಅಲ್ಲಿ ಗಾಳಿಗೇ ಕಣ್ಣುರಿ. ಮಧ್ಯಾಹ್ನ ಜನ ಮಲಗಿದ ಹೊತ್ತಿಗೆ ಅಲ್ಲಿಗೆ ಹೋಗತೊಡಗಿದಳು. ಮೊದಲ ದಿನ ಹತ್ತು ಹೆಜ್ಜೆಗೆ ಬಿದ್ದಳು. ಎರಡನೆಯ ದಿನ ಹನ್ನೆರಡಕ್ಕೆ. ಸುಣ್ಣದವಳು ಗೂಡಿಗೆ ಸೌದೆ ಒಡ್ಡುತ್ತ ನೋಡುತ್ತಿದ್ದಳು. ಎತ್ತಲು ಬರಲಿಲ್ಲ. ಓಟಗಾತಿಗೆ ಅದು ಹಿಡಿಸಿತು. ಆಮೇಲೆ ತಿಳಿಯಿತು, ಮುಟ್ಟಲು ಹೆದರಿ ಬರಲಿಲ್ಲವಂತೆ.

ಎರಡು ತಿಂಗಳಿಗೆ ಗೂಡು ಸುತ್ತಿ ಬರುವಷ್ಟಾಯಿತು. ಮೂರನೆಯ ತಿಂಗಳು, "ನನ್ನ ಜೊತೆ ಓಡು" ಎಂದಳು.

"ನಾನಾ ಅಮ್ಮಾವ್ರೇ? ನಿಮ್ಮ ಜೊತೆಯಾ?"

"ಇನ್ನು ಯಾರಿದ್ದಾರೆ ಇಲ್ಲಿ? ಗೂಡು ಓಡುತ್ತಾ?"

ನೆಲದ ಮೇಲೆ ಒಂದು ಗೆರೆ ಎಳೆದು ಓಡಿದರು. ಸುಣ್ಣದವಳು ಮೂವತ್ತು ಹೆಜ್ಜೆ ಮುಂದೆ ಬಂದಳು. ಬಂದು ಗೆರೆಗೆ ಒಂದು ಹೆಜ್ಜೆ ಈಚೆಗೆ ನಿಂತಳು. ಓಟಗಾತಿ ಕುಂಟುತ್ತ ಬಂದು ಅವಳ ಮುಂದೆ ನಿಂತಳು.

"ಯಾಕೆ ನಿಲ್ಲಿಸಿದೆ?"

"ನಿಲ್ಲಿಸಲಿಲ್ಲ ಅಮ್ಮಾವ್ರೇ. ನಿಂತುಹೋಯ್ತು."

ನಿಜವೇ ಹೇಳಿದ್ದಳು. ಹುಡುಗಿಯಾಗಿದ್ದಾಗಿನಿಂದ ಗೆರೆ ಕಂಡರೆ ನಿಂತು ಅಭ್ಯಾಸವಾದ ಮೈ. ಇನ್ನೊಮ್ಮೆ ಓಡಿದರು, ನಿಂತಳು. ಕಣ್ಣು ಮುಚ್ಚಿ ಓಡು ಎಂದರೆ ಕಣ್ಣು ಮುಚ್ಚಿಕೊಂಡೇ ಸರಿಯಾಗಿ ಒಂದು ಹೆಜ್ಜೆ ಈಚೆಗೆ ನಿಂತಳು. ಊರು ಹನ್ನೊಂದು ವರ್ಷದಲ್ಲಿ ಚೆನ್ನಾಗಿ ಕಲಿಸಿದ ವಿದ್ಯೆ ಅದೊಂದೇ.

ಮರುದಿನ ಓಟಗಾತಿ ಒಂದು ಬುಟ್ಟಿ ಸುಣ್ಣ ತೆಗೆದುಕೊಂಡು ಒಂದರ ಹಿಂದೆ ಒಂದು ಇಪ್ಪತ್ತು ಗೆರೆ ಎಳೆದಳು.

"ಇದರಲ್ಲಿ ಕೊನೆಯದು ಯಾವುದು?" ಎಂದಳು ಸುಣ್ಣದವಳು.

"ನನಗೇನು ಗೊತ್ತು?"

"ನೀವೇ ಎಳೆದಿರಿ."

"ಎಳೆಯುವುದಷ್ಟೇ ನನ್ನ ಕೆಲಸ. ಓಡು."

ಮೊದಲ ದಿನ ಸುಣ್ಣದವಳು ಇಪ್ಪತ್ತು ಸಲ ತಡೆದು ತಡೆದು, ಹೊಂಡ ದಾಟುವ ಕರುವಿನ ಹಾಗೆ ಬಂದಳು. ಎರಡನೆಯ ದಿನ ಹದಿನೈದು ಸಲ. ಐದನೆಯ ದಿನ ಗೆರೆಗಳನ್ನೆಲ್ಲ ತುಳಿದುಕೊಂಡು ಹೋಗಿ ಸೌದೆಯ ರಾಶಿಗೆ ಬಡಿದಳು. ಎದ್ದು ಕೂತು ಹಿಂದೆ ನೋಡಿದಳು.

"ಗೆರೆಯಾಚೆ ಹೀಗಿರುತ್ತಾ?" ಎಂದಳು.

"ಹೇಗಿದೆ?"

"ಏನೂ ಇಲ್ಲ. ಬರೀ ನೆಲ."

ಪಂದ್ಯಕ್ಕೆ ಒಂದು ವಾರ ಇದ್ದಾಗ ಸುಣ್ಣದವಳು ಓಡಲು ಏಳದೆ ಗೂಡಿನ ಬಾಯಿಯ ಹತ್ತಿರ ಕೂತಳು. "ಅಮ್ಮಾವ್ರೇ, ಅವತ್ತು ನಾನು ಗೆರೆ ದಾಟಿದರೆ ಊರು ಈ ಗೂಡು ಆರಿಸುತ್ತೆ. ನನಗೆ ಇದು ಬಿಟ್ಟು ಬೇರೆ ಗೊತ್ತಿಲ್ಲ."

"ನನಗಿಂತ ಮುಂದೆ ದಾಟಿದರೆ ತಾನೆ? ದಾಟುತ್ತೀಯ ಅಂತ ಖಾತ್ರಿಯೇ?"

ಸುಣ್ಣದವಳು ಯೋಚಿಸದೆ, "ಹೂಂ," ಎಂದುಬಿಟ್ಟಳು. ಎಂದ ಮೇಲೆ ನಾಲಿಗೆ ಕಚ್ಚಿಕೊಂಡಳು. "ತಪ್ಪಾಯ್ತು."

"ತಪ್ಪೇನೂ ಆಗಿಲ್ಲ. ಆದರೆ ನಾನೇನೂ ಸುಮ್ಮನೆ ಬಿಡುವುದಿಲ್ಲ," ಎಂದಳು ಓಟಗಾತಿ. "ನೀನು ನಿಂತರೆ ನಾನು ಗೆದ್ದ ಹಾಗಲ್ಲ. ನೀನೂ ಹನ್ನೊಂದು ವರ್ಷ ಗೆದ್ದದ್ದನ್ನು ಯಾರೂ ಬರೆದಿಲ್ಲ. ನಿಲ್ಲುವುದೋ ಬಿಡುವುದೋ ನಿನಗೆ ಬಿಟ್ಟದ್ದು."

ಸುಣ್ಣದವಳು ಗೂಡಿಗೆ ಇನ್ನೆರಡು ಸೌದೆ ತಳ್ಳಿದಳು.

ಹೆಸರು ಬರೆಸುವ ದಿನ ಓಟಗಾತಿ ಗುಮಾಸ್ತನ ಮುಂದೆ ಬಂದು ನಿಂತಳು. ಗುಮಾಸ್ತ ಎಂಥವನೆಂದರೆ, ಸ್ವಂತ ತಾಯಿ ಸತ್ತ ದಿನವೂ ಪುಸ್ತಕ ನೋಡಿ ಹೌದು ಎಂದು ಖಚಿತಪಡಿಸಿಕೊಂಡು ಅತ್ತವನು.

"ನಿಮ್ಮ ಹೆಸರು ಆಗಲೇ ಬರೆದಿದೆ," ಎಂದ.

"ಯಾರು ಬರೆಸಿದರು?"

"ಕಾಲು."

"ಕಾಲಿಗೆ ಬಾಯಿ ಇಲ್ಲ."

"ಅದಕ್ಕೇ ನಾವೇ ಬರೆದುಕೊಂಡೆವು. ಒಬ್ಬರು ಎರಡು ಸಲ ಓಡುವ ಹಾಗಿಲ್ಲ ಅಮ್ಮ. ನೀವು ಆಗಲೇ ಓಡುತ್ತಿದ್ದೀರಿ."

"ಓಡುತ್ತಿರುವುದು ಕಾಲು. ನಾನು ಇಲ್ಲಿ ನಿಂತಿದ್ದೇನೆ."

"ಪುಸ್ತಕದ ಪ್ರಕಾರ ಎರಡೂ ಒಂದೇ."

ಓಟಗಾತಿ ಸೀರೆಯ ನೆರಿಗೆ ಎತ್ತಿ ಮರದ ಕಾಲನ್ನು ಅವನ ಮೇಜಿನ ಮೇಲಿಟ್ಟಳು. "ಹಾಗಾದರೆ ಇದನ್ನು ಬರೆದುಕೊಳ್ಳಿ. ಇದಿನ್ನೂ ಒಂದು ಸಲವೂ ಓಡಿಲ್ಲ."

ಗುಮಾಸ್ತ ಪುಸ್ತಕ ಮೊದಲಿನಿಂದ ಕೊನೆಯವರೆಗೆ ತಿರುವಿದ. ಕಾಲು ಪಂದ್ಯದಲ್ಲಿ ಭಾಗವಹಿಸಬಹುದು ಎಂದಿತ್ತು. ಎಂಥ ಕಾಲು ಎಂದು ಇರಲಿಲ್ಲ. ಮಾಂಸದ್ದೇ ಆಗಿರಬೇಕು ಎಂದೂ ಇರಲಿಲ್ಲ. ಅವನು ಲೇಖನಿ ಅದ್ದಿ, "ಮರದ ಕಾಲು, ಒಂದು" ಎಂದು ಬರೆದುಕೊಂಡ.

ಸಂಜೆಗೆ ಯಜಮಾನ ಕಾಲಿನ ಮನೆಗೆ ಬಂದ. ಮೊದಲು ಭರಣಿಗೆ ಕೈ ಮುಗಿದ, ಆಮೇಲೆ ಅವಳಿಗೆ.

"ಏನು ತಾಯಿ ಇದು? ನೀನು ಓಡಿ ತೋರಿಸಬೇಕಾದ್ದು ಇನ್ನೇನು ಉಳಿದಿದೆ? ಪ್ರತಿ ವರ್ಷ ಗೆಲ್ಲುತ್ತಿದ್ದೀಯಲ್ಲ."

"ನಾನು ಗೆದ್ದಿಲ್ಲ. ನಾನು ಇಲ್ಲಿ ಕೂತಿರುತ್ತೇನೆ."

"ದೊಡ್ಡವರು ಕೂತೇ ಗೆಲ್ಲುತ್ತಾರೆ. ಸರಿ, ನಿನಗೆ ಆಸೆ ಇದ್ದರೆ ಬಾ. ನಿಧಾನಕ್ಕೆ ಬಾ. ಎಲ್ಲರೂ ಗೆರೆಯ ಹತ್ತಿರ ನಿಂತಿರುತ್ತಾರೆ. ನೀನೂ ಕಾಲೂ ಜೋಡಿಯಾಗಿ ದಾಟಿ. ನಾನಂತೂ ಈಗಲೇ ಹೇಳ್ತೀನಿ, ಆ ದಿನ ಒಂದು ಟವೆಲು ಸಾಲುವುದಿಲ್ಲ." ಅವನ ಕಣ್ಣು ಆಗಲೇ ತುಂಬಿತ್ತು.

"ಯಜಮಾನರೇ, ಆ ಕಮಾನಿನ ಬಿರುಕು ನಿಮಗೆ ಗೊತ್ತಿತ್ತು."

ಯಜಮಾನ ಕಣ್ಣೊರೆಸಿಕೊಂಡ. "ನೋಡಿ, ಇಂಥ ನೋವಿನಲ್ಲೂ ಎಷ್ಟು ನೇರ ಮಾತು," ಎಂದು ಜೊತೆಗೆ ಬಂದವರಿಗೆ ಹೇಳಿದ. ಅವರು ಚಪ್ಪಾಳೆ ತಟ್ಟಿದರು.

ಪಂದ್ಯದ ದಿನ ಬಂತು. ಸುಣ್ಣದವಳು ಊರಬಾಗಿಲಿನ ಮುಂದೆ ಗೆರೆ ಎಳೆದು ತೂಬಿಗೆ ಬಂದಳು. ಊರು ಎರಡೆರಡು ಟವೆಲು ಹಾಕಿಕೊಂಡು ದಾರಿಯ ಎರಡೂ ಕಡೆ ನಿಂತಿತು. ಓಟಗಾರರ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣ. ನಡುವೆ ಮೇಷ್ಟ್ರು, ತಲೆಯ ಮೇಲೆ ಭರಣಿ. ಅವರು ಓಟಗಾತಿಯ ಕಡೆ ನೋಡಲಿಲ್ಲ. ತಲೆ ತಿರುಗಿಸಿದರೆ ಕಾಲು ಬೀಳುತ್ತದೆ.

ನಗಾರಿ ಮೊಳಗಿತು. ಎಲ್ಲರೂ ನಡೆದರು, ಇಬ್ಬರು ಓಡಿದರು.

ಕೆರೆಯ ಏರಿಯ ಉದ್ದಕ್ಕೂ ಇಬ್ಬರೂ ಸಮ. ಒಂದು ಮೆತ್ತನೆಯ ಸದ್ದು, ಒಂದು ಲಾಳದ ಸದ್ದು. ಜನ ಚಪ್ಪಾಳೆಗೆ ಕೈ ಎತ್ತಿದವರು ಎತ್ತಿದ ಹಾಗೇ ನಿಂತರು. ಅವರು ಕುಂಟುವುದನ್ನು ನೋಡಲು ಬಂದಿದ್ದರು. ಇದು ಓಟವಾಗಿತ್ತು, ಇದಕ್ಕೆ ಅಳುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಏರಿ ಇಳಿದ ಮೇಲೆ ಗುಡ್ಡದ ತಿರುವು. ಅಲ್ಲಿ ಸಡಿಲ ಜಲ್ಲಿ. ಓಟಗಾತಿ ಜಲ್ಲಿ ತಪ್ಪಿಸಿ ಹೊರಗಿನಿಂದ ತಿರುಗಿದಳು. ಸುಣ್ಣದವಳು ಜಲ್ಲಿಯ ಮೇಲೇ ಒಳಗಿನಿಂದ ನುಗ್ಗಿ ಎಂಟು ಹೆಜ್ಜೆ ಮುಂದಾದಳು. ಊರಬಾಗಿಲಿನ ದಿಬ್ಬದಲ್ಲಿ ಓಟಗಾತಿ ಎಂಟನ್ನು ಐದು ಮಾಡಿದಳು, ಐದನ್ನು ಎರಡು ಮಾಡಿದಳು. ಗೆರೆ ಕಂಡಿತು. ಸುಣ್ಣದವಳ ಮೈ ಒಂದು ಕ್ಷಣ ತಡೆಯಿತು. ಊರು ಉಸಿರು ಬಿಟ್ಟಿತು, ನಿಂತಳು ಎಂದುಕೊಂಡಿತು.

ಅವಳು ನಿಲ್ಲಲಿಲ್ಲ. ಒಂದು ತೋಳಿನಷ್ಟು ಮುಂದೆ ದಾಟಿದಳು. ಓಟಗಾತಿ ಅವಳ ಹಿಂದೆಯೇ ದಾಟಿ, ಲಾಳ ಜಾರಿ, ನೆಲಕ್ಕೆ ಕುಕ್ಕರಿಸಿದಳು.

ಆಮೇಲೆ ಗುಂಪಿನಿಂದ ಒಬ್ಬ, "ಕಾಲಿಲ್ಲದವಳನ್ನು ಸೋಲಿಸೋದು ಎಂಥ ದೊಡ್ಡಸ್ತಿಕೆಯೇ?" ಎಂದ.

"ನಾಚಿಕೆ ಬೇಡವಾ ಇವಳಿಗೆ," ಎಂದಳು ಇನ್ನೊಬ್ಬಳು. ಸುಣ್ಣದವಳ ಸುತ್ತ ಜನ ಕಟ್ಟಿದರು. ಯಾರೋ ಅವಳ ಜಡೆ ಹಿಡಿದರು.

"ಬಿಡಿ ಅವಳನ್ನು," ಎಂದಳು ಓಟಗಾತಿ ಕೂತಲ್ಲಿಂದಲೇ. "ಸೋತವಳು ನಾನು. ನಿಮಗೇನು ಕಷ್ಟ?"

ಯಜಮಾನ ಬಗ್ಗಿ ಅವಳ ಹೆಗಲ ಮೇಲೆ ಕೈಯಿಟ್ಟ. "ನೀನು ಸೋತಿಲ್ಲ ತಾಯಿ. ಈ ಊರಿನಲ್ಲಿ ನೀನು ಸೋಲಲಾರೆ. ನಾವು ಬಿಡುವುದಿಲ್ಲ."

"ಹಾಗಾದರೆ ನಾನು ಓಡಿದ್ದು ಏನು?"

"ಓಡಿದ್ದು ನಮ್ಮ ಪುಣ್ಯ."

"ನೀವು ನನ್ನ ಕಾಲು ತೆಗೆದುಕೊಂಡಿರಿ," ಎಂದಳು ಓಟಗಾತಿ. ಕೂಗಲಿಲ್ಲ. "ತೆಗೆದುಕೊಂಡು ಅದಕ್ಕೆ ಪೂಜೆ ಮಾಡಿದಿರಿ. ಗೆಲುವು ತೆಗೆದುಕೊಂಡಿರಿ. ಈಗ ನಾನು ಬೆವರು ಸುರಿಸಿ ಸಂಪಾದಿಸಿದ ಸೋಲು ಒಂದಿದೆ, ಅದನ್ನೂ ಕಿತ್ತುಕೊಳ್ಳುತ್ತಿದ್ದೀರಿ. ನಿಮಗೆ ಎಷ್ಟು ಬೇಕು?"

ಯಜಮಾನ ಗುಂಪಿನ ಕಡೆ ತಿರುಗಿದ. ಅವನ ದನಿಯಲ್ಲಿ ಈಗ ಕಣ್ಣೀರಿರಲಿಲ್ಲ. "ಪಂದ್ಯ ಇನ್ನೂ ಮುಗಿದಿಲ್ಲ. ಕಾಲು ಇನ್ನೂ ದಾರಿಯಲ್ಲಿದೆ. ಅದು ಬಂದು ದಾಟಿ, ಗೆದ್ದಿತು ಅನ್ನಲಿ, ಪುಸ್ತಕದಲ್ಲಿ ಬರೆಯಲಿ. ಆಮೇಲೆ ಎಲ್ಲರೂ ಹೋಗಿ ಆ ಗೂಡು ಆರಿಸೋಣ."

ಕಾದರು. ಸುಣ್ಣದವಳು ಬಾಗಿಲಿನ ಕಂಬಕ್ಕೆ ಒರಗಿ ನಿಂತಿದ್ದಳು, ಜಡೆ ಬಿಚ್ಚಿಹೋಗಿತ್ತು. ಓಟಗಾತಿ ಪಟ್ಟಿ ಸಡಿಲಿಸಿ ಮರದ ಕಾಲು ತೆಗೆದಳು. ಹತ್ತಿ ಕೆಂಪಾಗಿತ್ತು. ಅರ್ಧ ಗಂಟೆಯ ಮೇಲೆ ದಿಬ್ಬದ ಕೆಳಗೆ ಮೊದಲು ಭರಣಿ ಕಂಡಿತು, ಅದರ ಕೆಳಗೆ ಮೇಷ್ಟ್ರು, ಅವರ ಹಿಂದೆ ಕಡಲೆಕಾಯಿಯ ಸಿಪ್ಪೆ ಉಗುಳುತ್ತ ಓಟಗಾರರು.

ಮೇಷ್ಟ್ರು ಬಂದು ಗೆರೆ ದಾಟಿದರು. ಗುಮಾಸ್ತ ಲೇಖನಿ ಅದ್ದಿದ. ಊರು ಟವೆಲು ಕೈಗೆ ತೆಗೆದುಕೊಂಡಿತು. ಮೇಷ್ಟ್ರು ಬಾಯಿ ತೆರೆದರು.

"ಮೇಷ್ಟ್ರೇ," ಎಂದಳು ಓಟಗಾತಿ ಕೆಳಗಿನಿಂದ, "ಏರಿಯ ಮೇಲಿಂದ ತಿರುವು ಕಾಣುತ್ತಲ್ಲ, ನೋಡಿದಿರಾ? ಹೇಗಿತ್ತು ನನ್ನ ಓಟ?"

ಅದು ಉಪಾಯ ಎಂದು ಊರಿನವರು ಆಮೇಲೆ ಹೇಳಿದರು. ಉಪಾಯವಲ್ಲ. ಓಡಿ ಬಂದವರು ಕಲಿಸಿದವರನ್ನು ಮೊದಲು ಕೇಳುವುದೇ ಅದು. ಹನ್ನೊಂದು ವರ್ಷ ಕೇಳಲು ಅವಳ ಹತ್ತಿರ ಓಟವಿರಲಿಲ್ಲ.

"ಹೊರಗೆ ಹೋದೆ," ಎಂದರು ಮೇಷ್ಟ್ರು. ಮಾತು ಬಂದ ರಭಸಕ್ಕೆ ಅವರಿಗೇ ಆಶ್ಚರ್ಯವಾದಂತಿತ್ತು. "ತಿರುವಿನಲ್ಲಿ ನಾಲ್ಕು ಗಜ ಹೊರಗೆ ಹೋದೆ. ಅವಳು ಒಳಗೆ ನುಗ್ಗಿದಳು. ಅಲ್ಲೇ ಸೋತೆ. ಆಮೇಲೆ ದಿಬ್ಬದಲ್ಲಿ ಎಷ್ಟು ಎಳೆದರೆ ಏನು ಬಂತು? ಅವಳು ಒಂದು, ನೀನು ಎರಡು. ಕತ್ತೆ."

ಗುಮಾಸ್ತನ ಲೇಖನಿ ಕರಕರ ಎನ್ನುವುದು ಎಲ್ಲರಿಗೂ ಕೇಳಿಸಿತು. ಕತ್ತೆ ಎಂಬುದನ್ನೂ ಬರೆದ. ಬರೆದು, ಶಾಯಿ ಆರಲೆಂದು ಮರಳು ಉದುರಿಸಿದ.

"ಹೊಡೆದುಹಾಕು ಅದನ್ನು," ಎಂದ ಯಜಮಾನ.

"ಆಗುವುದಿಲ್ಲ ಯಜಮಾನರೇ. ಗೆರೆಯ ಹತ್ತಿರ ಭರಣಿ ಹೊತ್ತವರ ಮಾತು. ಕಾಲಿನ ಮಾತಿಗೆ ತಿದ್ದುಪಡಿ ಇಲ್ಲ ಅಂತ ನೀವೇ ಹೇಳಿ ಬರೆಸಿದ್ದು."

"ಕಾಲು ತನ್ನ ವಿಷಯ ಹೇಳಲೇ ಇಲ್ಲವಲ್ಲ."

"ಹೌದು, ಹೇಳಲಿಲ್ಲ," ಎಂದ ಗುಮಾಸ್ತ, ಪುಟವನ್ನು ಇನ್ನೊಮ್ಮೆ ನೋಡಿ. "ಒಂದು, ಸುಣ್ಣದವಳು. ಎರಡು, ಮರದ ಕಾಲು. ಮೂರು ಖಾಲಿ ಇದೆ. ಬೇಕಾದರೆ ಅಲ್ಲಿ ಸೇರಿಸಬಹುದು, ಆದರೆ ಅವರು ಬಾಯಲ್ಲಿ ಹೇಳಬೇಕು."

ಯಜಮಾನ ಮೇಷ್ಟ್ರ ಕಡೆ ತಿರುಗಿದ. ಮೇಷ್ಟ್ರು ಅವನ ಕಡೆ ನೋಡುತ್ತಿರಲಿಲ್ಲ.

"ಜಲ್ಲಿ ಇತ್ತು," ಎನ್ನುತ್ತಿದ್ದಳು ಓಟಗಾತಿ.

"ಅವಳಿಗೂ ಜಲ್ಲಿಯೇ ಇತ್ತು."

"ಅವಳಿಗೆ ಬೆರಳಿದೆ ಮೇಷ್ಟ್ರೇ. ಇದು ನೆಲ ಹಿಡಿಯುವುದಿಲ್ಲ."

"ಹಿಡಿಯದಿದ್ದರೆ ಹೆಜ್ಜೆ ಚಿಕ್ಕದು ಮಾಡಬೇಕು. ಮೈ ಒಳಗೆ ವಾಲಿಸಬೇಕು. ನೋಡು ಇಲ್ಲಿ." ಅದನ್ನು ತೋರಿಸಲು ಎರಡೂ ಕೈ ಬೇಕಿತ್ತು. ಮೇಷ್ಟ್ರು ಭರಣಿಯನ್ನು ತಲೆಯಿಂದ ಇಳಿಸಿ ರಸ್ತೆಯ ಬದಿಗಿಟ್ಟರು, ನೀರಿನ ಬಿಂದಿಗೆ ಇಡುವ ಹಾಗೆ. ಇಟ್ಟು, ಅರವತ್ತು ದಾಟಿದ ಮೈಯನ್ನು ಎಡಕ್ಕೆ ವಾಲಿಸಿ, ಧೂಳಿನಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಹಾಕಿ ತೋರಿಸಿದರು. "ಹೀಗೆ. ಹೀಗೆ. ಎಷ್ಟು ಸಲ ಹೇಳಿದ್ದೆ ಇದನ್ನು?"

ಕೆಲವರು ಭರಣಿಯ ಹತ್ತಿರ ಓಡಿ ಅದಕ್ಕೆ ಟವೆಲಿನ ನೆರಳು ಹಿಡಿದರು. ಕೆಲವರು ಇನ್ನು ಜನ್ಮದಲ್ಲಿ ಆ ಗೂಡಿನ ಸುಣ್ಣ ಕೊಳ್ಳುವುದಿಲ್ಲ ಎಂದು ಅಲ್ಲೇ ಆಣೆ ಮಾಡಿದರು. ಆದರೆ ಪುಸ್ತಕದಲ್ಲಿ ಒಂದನೆಯವಳೆಂದು ಬರೆದವಳ ಗೂಡು ಆರಿಸಲು ಮುಂದೆ ಹೋಗುವವರು ಯಾರು ಎಂದಾಗ ಒಬ್ಬರ ಮುಖ ಒಬ್ಬರು ನೋಡಿದರು. ಬಿಸಿಲು ಏರಿತು. ಯಜಮಾನ ಮನೆಗೆ ಹೋದ. ಗುಂಪು ಸಡಿಲವಾಯಿತು.

ಸುಣ್ಣದವಳು ಕಂಬ ಬಿಟ್ಟು ಬಂದಳು. ಜಡೆ ಸುತ್ತಿ ಗಂಟು ಹಾಕಿಕೊಳ್ಳುತ್ತ, ಮೇಷ್ಟ್ರು ಹೆಜ್ಜೆ ತೋರಿಸುವುದನ್ನೂ ಓಟಗಾತಿ ಹುಬ್ಬು ಗಂಟಿಕ್ಕಿ ನೋಡುವುದನ್ನೂ ಸ್ವಲ್ಪ ಹೊತ್ತು ನಿಂತು ನೋಡಿದಳು.

"ಬಿಡಿ ಮೇಷ್ಟ್ರೇ, ಯಾಕೆ ಸುಸ್ತು ಮಾಡಿಕೊಳ್ತೀರಿ," ಎಂದಳು. "ಅಕ್ಕ ಮುಂದಿನ ವರ್ಷವೂ ಹೊರಗಿನಿಂದಲೇ ಬರಲಿ. ನನಗೇನೂ ತೊಂದರೆ ಇಲ್ಲ."

ಓಟಗಾತಿಗೆ ಮೈಯೆಲ್ಲ ಉರಿದುಹೋಯಿತು. ಹನ್ನೊಂದು ವರ್ಷದಲ್ಲಿ ಅವಳನ್ನು ಯಾರಾದರೂ ಹಂಗಿಸಿದ್ದು ಅದೇ ಮೊದಲು. ಮರದ ಕಾಲನ್ನು ಎಳೆದುಕೊಂಡು, ಒದ್ದೆ ಹತ್ತಿ ತೆಗೆದು ಬಿಸಾಡಿ, ಸೆರಗಿನ ತುದಿ ಹರಿದು ಒಳಗೆ ತುರುಕಿ, ಪಟ್ಟಿ ಬಿಗಿದಳು. ಹಲ್ಲು ಕಚ್ಚಿ ಎದ್ದು ನಿಂತಳು.

"ಮುಂದಿನ ವರ್ಷದ ತನಕ ಯಾಕೆ ಕಾಯಬೇಕು?" ಎಂದಳು. "ನಡಿ ತೂಬಿಗೆ."